ಎರಡು ಭಾನುವಾರ ಕಟ್ಟೆ ಕ್ಲೀನ್ ಮಾಡಿದೆವು, ದಸರಾ ಹೊತ್ತಿಗೆ ಅಂತರಗಂಗೆ ಕಳೆ ವಾಪಸ್ ಬಂತು. ಈಗೇನು ಮಾಡೋಣ?

ಹುಣಸೇಮರ (ಮದ್ದೂರು ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದಲ್ಲಿ ಬಿ.ಎಸ್ಸಿ. ಎರಡನೇ ವರ್ಷ ಓದ್ತಿದ್ದೀನಿ, ಊರಿಂದ ದಿನಾ ಬಸ್ಸಲ್ಲಿ ಓಡಾಟ. ನಮ್ಮೂರ ಮಗ್ಗುಲಲ್ಲೇ ಒಂದು ಕಟ್ಟೆ ಇದೆ. ದೊಡ್ಡ ಕೆರೆಯೇನಲ್ಲ, ಏರಿ ಮೇಲೆ ಈ ತುದಿಯಿಂದ ಆ ತುದಿಗೆ ಹತ್ತು ನಿಮಿಷದ ನಡಿಗೆ. ನಮ್ಮಜ್ಜಿ ಈ ಊರಿಗೆ ಸೊಸೆಯಾಗಿ ಬಂದಾಗ ಇದೇ ನೀರನ್ನು ಸೀರೆ ಸೆರಗಲ್ಲಿ ಸೋಸಿ ಅಡುಗೆಗೆ ತರ್ತಿದ್ದರಂತೆ. ನಾನು ಹುಟ್ಟಿದಾಗಿನಿಂದ ನೋಡಿರೋದು ಹಸಿರು ಚಾಪೆ ಹಾಸಿದ ಹಾಗೆ ಕಾಣೋ ಕಟ್ಟೆಯನ್ನೇ.

ಹೋದ ಏಪ್ರಿಲ್‌ನಲ್ಲಿ 23 ಜನ ಸೇರಿಕೊಂಡೆವು. ಹುಡುಗರು 14, ಹುಡುಗಿಯರು 9. ಡೀಸೆಲ್ ನಾವು ಹಾಕಿಸೋದು ಅಂತ ಮಾತಾಡಿ ಒಂದು ಟ್ರ್ಯಾಕ್ಟರ್ ಕೇಳಿ ತಂದೆವು. ಎರಡು ಭಾನುವಾರ ಬೆಳಿಗ್ಗೆಯಿಂದ ಸಂಜೆವರೆಗೆ ನೀರಿಗಿಳಿದು ಅಂತರಗಂಗೆ ಎಳೆದೆವು. ಎರಡನೇ ದಿನ ಸಂಜೆ ನೀರಲ್ಲಿ ಆಕಾಶ ಕಂಡಾಗ ನಮ್ಮಲ್ಲಿ ಇಬ್ಬರು ಅತ್ತರು. ನಾನೂ ಒಬ್ಬಳು.

ಜೂನ್‌ನಲ್ಲಿ ಮಳೆ ಬಂತು. ಶ್ರಾವಣದಲ್ಲಿ ಮೂಲೆಯಲ್ಲಿ ಅಂಗೈಯಗಲ ಹಸಿರು. ದಸರಾ ಹೊತ್ತಿಗೆ ಅರ್ಧ ಕಟ್ಟೆ. ಈಗ ಪೂರ್ತಿ ಮುಚ್ಚಿದೆ, ಮೇಲೆ ನೇರಳೆ ಹೂ ಬೇರೆ. ಗುಂಪಿನಲ್ಲಿ ಈಗ ಉಳಿದಿರೋದು ಐದೇ ಜನ, ಅದರಲ್ಲಿ ಹುಡುಗಿಯರು ಇಬ್ಬರು. ಅರಳಿಕಟ್ಟೆ ಮೇಲೆ ಕೂತವರು ‘ಹುಡುಗರ ಹುಮ್ಮಸ್ಸು ಅಷ್ಟೇ ಕಣವ್ವ’ ಅಂತಾರೆ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಮತ್ತೆ ಅದೇ ಎರಡು ಭಾನುವಾರದ ಕೆಲಸ ಮಾಡೋಕೆ ಮನಸ್ಸಿದೆ, ಆದರೆ ಮತ್ತೆ ಹೀಗೇ ಆದರೆ ಉಳಿದ ಐದು ಜನವೂ ಹೋಗ್ತಾರೆ. ಇಂಥ ಕೆಲಸ ಮಾಡಿ ಗೊತ್ತಿರೋರು ದಯವಿಟ್ಟು ಹೇಳಿ, ಎಲ್ಲಿ ತಪ್ಪಿದೆವು?

ಇಬ್ಬರು ಮಕ್ಕಳ ಅಪ್ಪ

ಬೇಜಾರು ಮಾಡ್ಕೋಬೇಡಮ್ಮ, ನೇರವಾಗಿ ಹೇಳ್ತೀನಿ. ಕಟ್ಟೆ ಕ್ಲೀನ್ ಮಾಡಿಸೋದು ಪಂಚಾಯಿತಿ ಕೆಲಸ. ಕಂದಾಯ ಕಟ್ಟೋದು ಯಾಕೆ? ನಿಮ್ಮ ವಯಸ್ಸಿನವರು ಓದಿ ಒಂದು ಕೆಲಸ ಹಿಡಿದರೆ ಮನೆ ಉದ್ಧಾರ ಆಗುತ್ತೆ. ನನ್ನ ಮಗಳೂ ಹೀಗೇ ಗಿಡ ನೆಡ್ತೀನಿ ಅಂತ ಹೋಗ್ತಾಳೆ, ಕತ್ತಲಾಗೋವರೆಗೆ ನನಗೆ ಜೀವದಲ್ಲಿ ಜೀವ ಇರಲ್ಲ.

ತೂಬು ಮತ್ತು ಕೋಡಿ (ಮೈಸೂರು)

ನಾನು ನೀರಾವರಿ ಕೆಲಸದಲ್ಲಿ ಇಂಜಿನಿಯರ್ ಆಗಿದ್ದು ನಿವೃತ್ತನಾದವನು. ಸೇವೆಯ ಬಹುಪಾಲು ಮಂಡ್ಯ ಸೀಮೆಯಲ್ಲೇ ಕಳೆದೆ. ನಿನ್ನ ಬರಹವನ್ನು ಎರಡು ಸಲ ಓದಿದೆ ಮಗಳೇ. ನೀವು ಮಾಡಿದ ಕೆಲಸ ಸಣ್ಣದಲ್ಲ. ಆದರೆ ನೀವು ಎಳೆದದ್ದು ರೋಗವನ್ನಲ್ಲ, ರೋಗದ ಗುರುತನ್ನು.

ನೇರಳೆ ಹೂ ಬಿಡುವುದಾದರೆ ಅದು ಹಳೆಯ ಅಂತರಗಂಗೆಯಲ್ಲ, ದಕ್ಷಿಣ ಅಮೆರಿಕದಿಂದ ಬಂದ ಕಳೆ. ನಮ್ಮ ಕಡೆ ಎರಡನ್ನೂ ಒಂದೇ ಹೆಸರಲ್ಲಿ ಕರೆಯುತ್ತಾರೆ. ಅನುಕೂಲ ಸಿಕ್ಕರೆ ಎರಡು ವಾರಕ್ಕೆ ಅದು ದುಪ್ಪಟ್ಟಾಗುತ್ತದೆ. ನೂರು ಗಿಡ ಬಿಟ್ಟಿದ್ದರೆ ಎರಡು ತಿಂಗಳಲ್ಲಿ ಎಷ್ಟಾಯಿತು ಅಂತ ನೀನೇ ಲೆಕ್ಕ ಹಾಕು. ಜೊತೆಗೆ ಅದರ ಬೀಜ ತಳದ ಕೆಸರಲ್ಲಿ 15–20 ವರ್ಷ ಜೀವ ಹಿಡಿದು ಕೂರುತ್ತದೆ. ಹಾಗಾಗಿ ಹೂ ಬಿಡುವ ಮೊದಲೇ ತೆಗೆಯಬೇಕು, ಪ್ರತಿ ವರ್ಷ ತೆಗೆಯಬೇಕು. ಒಮ್ಮೆ ತೆಗೆದು ಮುಗಿಸುವ ಕೆಲಸ ಇದಲ್ಲ.

‘ಅನುಕೂಲ’ ಅಂದೆನಲ್ಲ, ಅದೇ ಮುಖ್ಯ. ಆ ಗಿಡಕ್ಕೆ ಬೇಕಾದ ಸಾರಜನಕ, ರಂಜಕ ಎಲ್ಲಿಂದ ಬರುತ್ತಿದೆ? ಬಚ್ಚಲ ನೀರು, ಸೋಪಿನ ನೀರು, ಕೊಟ್ಟಿಗೆ ತೊಳೆದ ನೀರು, ಗದ್ದೆಯಿಂದ ಬಸಿದ ಗೊಬ್ಬರ. ನಿಮ್ಮೂರ ಸಿಮೆಂಟ್ ಚರಂಡಿಯ ತುದಿ ಎಲ್ಲಿದೆ ನೋಡು. ಬಹುಶಃ ಕಟ್ಟೆಯಲ್ಲೇ ಇರುತ್ತದೆ. ಮೊದಲು ಮಣ್ಣಿನ ಚರಂಡಿ ಇದ್ದಾಗ ಅರ್ಧ ನೀರು ದಾರಿಯಲ್ಲೇ ಇಂಗುತ್ತಿತ್ತು. ಈಗ ಒಂದು ಹನಿಯೂ ಬಿಡದೆ ಎಲ್ಲವೂ ಕಟ್ಟೆಗೆ ಇಳಿಯುತ್ತದೆ. ನಾನು ಕೆಲಸದಲ್ಲಿದ್ದಾಗ ಇದನ್ನು ಕಣ್ಣಾರೆ ಕಂಡೂ ಜೋರಾಗಿ ಹೇಳಲಿಲ್ಲ, ಆ ಕೊರಗು ನನಗಿದೆ.

ಆಮೇಲೆ, ಎಳೆದ ಕಳೆಯನ್ನು ಎಲ್ಲಿ ಹಾಕಿದಿರಿ? ಏರಿಯ ಒಳಮೈ ಮೇಲೆ ರಾಶಿ ಹಾಕಿದ್ದರೆ ಮೊದಲ ಮಳೆಗೇ ಅದು ವಾಪಸ್ ನೀರಿಗೆ ಹೋಗಿರುತ್ತದೆ. ಏರಿಯ ಹೊರಗೆ, ನೀರು ಹರಿಯದ ಕಡೆ ಹಾಕಬೇಕು.

ಇನ್ನು ಕಟ್ಟೆ ಯಾರದು ಅನ್ನುವ ಪ್ರಶ್ನೆ. ಇದು ಗೊತ್ತಿಲ್ಲದೆ ಒಂದು ಅರ್ಜಿಯನ್ನೂ ಬರೆಯಬೇಡ, ಕಚೇರಿಯಿಂದ ಕಚೇರಿಗೆ ಅಲೆಸುತ್ತಾರೆ. ಅಚ್ಚುಕಟ್ಟು, ಅಂದರೆ ಕಟ್ಟೆಯ ನೀರು ಹರಿಯುವ ಜಮೀನು, 40 ಹೆಕ್ಟೇರ್ ಒಳಗಿದ್ದರೆ ಪಂಚಾಯತ್ ರಾಜ್ ವ್ಯವಸ್ಥೆಗೆ ಸೇರಿದ್ದು, 40ರಿಂದ 2000 ಹೆಕ್ಟೇರ್ ಆದರೆ ಸಣ್ಣ ನೀರಾವರಿ. ನಿಮ್ಮ ಕಡೆ ವಿಶ್ವೇಶ್ವರಯ್ಯ ನಾಲೆಯ ಬಯಲಲ್ಲಿ ಇದ್ದರೆ ಕಾವೇರಿ ನೀರಾವರಿ ನಿಗಮದ ಲೆಕ್ಕಕ್ಕೂ ಬರಬಹುದು. ಸರ್ವೆ ನಂಬರ್ ಹುಡುಕು, ಪಹಣಿ ತೆಗೆಸು. ಫೋನಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಏರಿ ಮೇಲೆ, ನೀರಂಚಿನಲ್ಲಿ ನಡೆದರೆ ನಿಂತ ಜಾಗ ಯಾವ ಸರ್ವೆ ನಂಬರಿನಲ್ಲಿದೆ ಅಂತ ತೋರಿಸುತ್ತದೆ. ಅದು ಅಳತೆಗೆ ಪುರಾವೆಯಲ್ಲ, ನಿನ್ನ ತಿಳಿವಳಿಕೆಗೆ. ಅದರಲ್ಲಿ ಒತ್ತುವರಿ ಕಂಡರೆ ಹುಡುಗರು ಜಗಳಕ್ಕೆ ಹೋಗಬೇಡಿ, ಸರ್ವೆ ಮಾಡಿಸಿ ಅಂತ ತಹಸೀಲ್ದಾರರಿಗೆ ಬರೆದು ಕೊಡಿ. ಊರಿನ ಕೆರೆಕಟ್ಟೆ, ಗೋಮಾಳದ ಒತ್ತುವರಿ ತೆರವು ಮಾಡಿಸಬೇಕೆಂದು 2011ರಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿದೆ. ಅರ್ಜಿಯಲ್ಲಿ ಅದನ್ನು ನಮೂದಿಸಿ.

ನೈಟ್ ಡ್ಯೂಟಿ

ನಾನು ನರ್ಸ್. ಬೇರೆ ಯಾರೂ ಹೇಳದೇ ಇರೋದರಿಂದ ನಾನು ಹೇಳ್ತೀನಿ. ಬರಿಗಾಲಲ್ಲಿ, ಬರಿಗೈಯಲ್ಲಿ ಚರಂಡಿ ನೀರು ಸೇರೋ ಕಟ್ಟೆಗೆ ಇಳಿಯಬೇಡಿ. ಒಡೆದ ಬಾಟಲಿ ಒಂದು ಕಡೆ, ಇಲಿ ಜ್ವರ ಇನ್ನೊಂದು ಕಡೆ. ಇಲಿ, ಹೆಗ್ಗಣದ ಮೂತ್ರ ಸೇರಿದ ನೀರು ಸಣ್ಣ ಗಾಯದಿಂದ ಒಳಗೆ ಹೋದರೂ ಸಾಕು. ಗಮ್‌ಬೂಟು, ದಪ್ಪ ರಬ್ಬರ್ ಗ್ಲೌಸು ಹಾಕ್ಕೊಳಿ. ಗಾಯ ಇದ್ದವರು ಅವತ್ತು ದಡದ ಕೆಲಸ ಮಾಡಲಿ. ಆಮೇಲಿನ ಎರಡು ಮೂರು ವಾರದಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗೋದು ಕಂಡರೆ ಮಾತ್ರೆ ನುಂಗಿ ಮಲಗಬೇಡಿ. ಆಸ್ಪತ್ರೆಗೆ ಹೋಗಿ, ‘ಕಟ್ಟೆ ನೀರಲ್ಲಿ ಕೆಲಸ ಮಾಡಿದ್ದೆ’ ಅನ್ನೋದನ್ನ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ.

ಇನ್ನೊಂದು. ಜೆಸಿಬಿ ತಂದು ಹೂಳು ತೆಗೆಸಿದ ಕೆರೆಗಳಲ್ಲಿ ಗುಂಡಿ ಬಿದ್ದಿರುತ್ತೆ, ನೀರು ತುಂಬಿದ ಮೇಲೆ ಕಾಣಲ್ಲ. ಬೇಸಿಗೆ ರಜೆಯಲ್ಲಿ ಈಜೋಕೆ ಹೋದ ಮಕ್ಕಳನ್ನ ಸ್ಟ್ರೆಚರ್ ಮೇಲೆ ತಂದಿದ್ದನ್ನ ನಾನು ನೋಡಿದ್ದೀನಿ. ಈಜು ಬರದವರು ಮೊಣಕಾಲಿಗಿಂತ ಆಳಕ್ಕೆ ಹೋಗಲೇಬಾರದು.

ಅಚ್ಚುಕಟ್ಟು (ಮಳವಳ್ಳಿ ಕಡೆ)

ನನ್ ಮಗ ಇದನ್ನೆಲ್ಲ ಓದಿ ಯೋಳ್ದ, ನಾನ್ ಯೋಳಿದ್ದ ಅವ್ನೇ ಟೈಪ್ ಮಾಡ್ತಾವ್ನೆ.

ನೋಡವ್ವ, ಮೊದ್ಲು ನಮ್ಮೂರಲ್ಲಿ ನೀರುಗಂಟಿ ಅಂತ ಒಬ್ಬ ಇರೋನು. ತೂಬು ಯಾವತ್ತು ಎತ್ತಬೇಕು, ಯಾರ ಗದ್ದೆಗೆ ಎಷ್ಟೊತ್ತು ನೀರು ಬುಡ್ಬೇಕು, ಏರಿಲಿ ಹೆಗ್ಗಣದ ಬಿಲ ಎಲ್ಲದೆ, ಎಲ್ಲಾ ಅವ್ನ ತಲೇಲಿರೋದು. ಸುಗ್ಗಿಲಿ ಮನೆಗಿಷ್ಟು ಅಂತ ರಾಗಿ ಭತ್ತ ಕೊಡೋರು. ಬೇಸ್ಗೆಲಿ ಕಟ್ಟೆ ಬತ್ತಿದ್ರೆ ಎಲ್ಲಾರೂ ಗಾಡಿ ಕಟ್ಕಂಡೋಗಿ ಗೋಡು ಮಣ್ಣು ಹೊಲಕ್ಕೆ ಹೊಡ್ಕತಿದ್ವಿ. ಹೂಳು ತೆಗಿಬೇಕು ಅಂತ ಯಾರೂ ಯೋಳ್ತಿರ್ಲಿಲ್ಲ, ಹೊಲಕ್ಕೆ ಮಣ್ಣು ಬೇಕಿತ್ತು, ಹೂಳು ತಾನಾಗೇ ಹೋಯ್ತಿತ್ತು. ಈಗ ಮೂಟೆ ಗೊಬ್ಬರ ಬಂತು, ಬೋರ್ ಬಂತು, ಕಟ್ಟೆ ಯಾರ್ಗೂ ಬ್ಯಾಡ. ನೀವು ಹುಡುಗ್ರು ಅದ್ನ ಚೆಂದ ಕಾಣ್ಲಿ ಅಂತ ಕ್ಲೀನ್ ಮಾಡ್ತೀರಿ, ಸಂತೋಷ. ಆದ್ರೆ ಅದ್ರಿಂದ ಒಬ್ಬರ್ಗಾದ್ರೂ ಉಪಯೋಗ ಇರ್ಬೇಕು, ಅವ್ರು ಕಾಯ್ತಾರೆ. ದನ ನೀರು ಕುಡಿಯೋ ಹಂಗಿದ್ರೆ ದನ ಇರೋರು ಕಾಯ್ತಾರೆ. ಮೀನು ಬುಟ್ರೆ ಮೀನು ಹರಾಜು ಹಿಡಿದೋನು ಕಾಯ್ತಾನೆ. ಅಂತರಗಂಗೆ ಮುಚ್ಕಂಡ್ರೆ ಮೀನ್ಗೆ ಉಸ್ರು ಕಟ್ತದೆ, ಅವ್ನಿಗೆ ನಿಮ್ಗಿಂತ ಹೆಚ್ಚು ಚಿಂತೆ.

ನಮ್ ತಾಲ್ಲೂಕಿನ ದಾಸನದೊಡ್ಡಿ ಕಾಮೇಗೌಡರು ಗೊತ್ತಲ್ಲ. ಕುರಿ ಮೇಯಿಸ್ತಾ ಮೇಯಿಸ್ತಾ ಬೆಟ್ಟದ ಮೇಲೆ ಕಟ್ಟೆ ತೋಡಿದೋರು. ಒಂದಲ್ಲ ಎರಡಲ್ಲ, 16. 2020ರಲ್ಲಿ ಪ್ರಧಾನಿಗಳು ರೇಡಿಯೋದಲ್ಲಿ ಅವ್ರ ಹೆಸ್ರು ಯೋಳುದ್ರು. ಊರಲ್ಲಿ ಹೊಗಳಿದ ಜನಾನೂ ಇದ್ರು, ಬಾಯ್ಗೆ ಬಂದಂಗೆ ಅಂದ ಜನಾನೂ ಇದ್ರು. 2022ರಲ್ಲಿ ತೀರ್ಕಂಡ್ರು. ಅವ್ರು ಯಾಕೆ ತೋಡುದ್ರು? ಕುರಿಗೆ, ಹಕ್ಕಿಗೆ, ಕಾಡು ಪ್ರಾಣಿಗೆ ಬೆಟ್ಟದಲ್ಲಿ ನೀರಿಲ್ಲ ಅಂತ. ದಿನಾ ಅಲ್ಲೇ ಓಡಾಡೋರು, ಕಟ್ಟೆ ಅವ್ರ ಕಣ್ಣ ಮುಂದೇನೇ ಇರೋದು. ನೀನು ಮಂಡ್ಯಕ್ಕೆ ಹೋಗಿ ಬರೋದ್ರೊಳ್ಗೆ ನಿನ್ ಕಟ್ಟೆ ನೋಡೋರು ಯಾರವ್ವ?

ಊರಾಚೆ

ಕೆಳಗಿನ ಮಾತು ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ನಾನೂ ನಿಮ್ಮದೇ ಜಿಲ್ಲೆಯ ಒಂದು ಊರಿನವನು, ಕಾಲೋನಿಯ ಹುಡುಗ. ಐಟಿಐ ಮುಗಿಸಿದ್ದೀನಿ. ನಮ್ಮೂರಲ್ಲೂ ಹೀಗೇ ಒಂದು ಯುವಕರ ಗುಂಪು ಕಟ್ಟೆ ಸ್ವಚ್ಛ ಮಾಡ್ತು. ಫೋನ್ ಮಾಡಿ ಕರೆದಾಗ ಖುಷಿಯಿಂದ ಆರು ಜನ ಹೋದ್ವಿ. ಮೊದಲ ಅರ್ಧ ಗಂಟೆಯಲ್ಲೇ ಗೊತ್ತಾಯ್ತು, ಚರಂಡಿ ಬಾಯಿ ಹತ್ತಿರದ ಕೆಸರಿಗೆ ಇಳಿದಿರೋದು ನಾವು ಆರು ಜನ ಮಾತ್ರ. ‘ನಿಮಗೆ ಅಭ್ಯಾಸ ಇರುತ್ತೆ’ ಅಂತ ಒಬ್ಬ ಅಂದ. ಅವನಿಗೆ ಕೆಟ್ಟ ಮನಸ್ಸಿರಲಿಲ್ಲ, ಅದೇ ನನಗೆ ಹೆಚ್ಚು ನೋವಾಗಿದ್ದು. ಮಧ್ಯಾಹ್ನ ಚಿತ್ರಾನ್ನ ಬಂತು, ನಮಗೆ ಬೇರೆ ಕಡೆ ಕೊಟ್ಟರು. ಎರಡನೇ ವಾರ ನಾವು ಹೋಗಲಿಲ್ಲ. ‘ಕಾಲೋನಿ ಹುಡುಗರಿಗೆ ಊರ ಮೇಲೆ ಅಭಿಮಾನ ಇಲ್ಲ’ ಅಂದರಂತೆ.

ಅದೇ ಕಟ್ಟೆ ನೀರನ್ನು ನಮ್ಮ ತಾತನ ಕಾಲದಲ್ಲಿ ನಮ್ಮವರು ಮುಟ್ಟೋ ಹಾಗಿರಲಿಲ್ಲ. ಇದನ್ನ ಬರೆದದ್ದು ಜಗಳಕ್ಕಲ್ಲ. ಹುಣಸೇಮರ ಅವರೇ, ನಿಮ್ಮ 23 ಜನರಲ್ಲಿ ಕಾಲೋನಿಯಿಂದ ಎಷ್ಟು ಜನ ಇದ್ದರು? ಅವರು ಯಾಕೆ ಬಿಟ್ಟು ಹೋದರು ಅಂತ ಅವರ ಮನೆ ಬಾಗಿಲಿಗೆ ಹೋಗಿ ಕೇಳಿದ್ದೀರಾ?

ಹುಣಸೇಮರ

ಊರಾಚೆ ಅಣ್ಣ, ನಿಮ್ಮ ಪ್ರಶ್ನೆ ಓದಿ ರಾತ್ರಿ ನಿದ್ದೆ ಬರಲಿಲ್ಲ. ಏಳು ಜನ ಇದ್ದರು. ಏಳೂ ಜನ ಈಗಿಲ್ಲ. ಅವರಿಗೆ ಕೆಲಸ ಸಿಕ್ಕಿದೆ, ಬಿಡುವಿಲ್ಲ ಅಂತ ನಾನೇ ನನಗೆ ಹೇಳಿಕೊಂಡಿದ್ದೆ. ಕೇಳಿರಲಿಲ್ಲ. ಇವತ್ತು ಸಂಜೆ ಹೋಗ್ತೀನಿ.

ತೂಬು ಸರ್, ಹೌದು, ರಾಶಿ ಹಾಕಿದ್ದು ಏರಿಯ ಒಳಮೈ ಮೇಲೆಯೇ. ಚರಂಡಿ ತುದಿಯನ್ನೂ ನೋಡಿ ಬಂದೆ. ನೀವು ಹೇಳಿದ ಹಾಗೆ ನೇರ ಕಟ್ಟೆಗೇ ಬೀಳ್ತಿದೆ. ಆ ಜಾಗದಲ್ಲೇ ಹಸಿರು ಎಲ್ಲಕ್ಕಿಂತ ದಟ್ಟ.

ಕುಕ್ಕರಹಳ್ಳಿ ನಡಿಗೆ (ಮೈಸೂರು)

ನಾನು ಮೂವತ್ತು ವರ್ಷದಿಂದ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತ ನಡೆಯುವವಳು. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆದ ಕೆರೆ, ಕುವೆಂಪು ಅವರು ನಡೆದಾಡಿದ ಏರಿ, ಈಗ ವಿಶ್ವವಿದ್ಯಾಲಯದ ಸುಪರ್ದಿನಲ್ಲಿದೆ. ಇಷ್ಟೆಲ್ಲ ಇದ್ದೂ ಕೊಳಚೆ ನೀರು ಒಳಗೆ ಬರುವುದನ್ನು ತಡೆಯಲು ಮೈಸೂರಿನವರು ವರ್ಷಗಟ್ಟಲೆ ಬಡಿದಾಡಬೇಕಾಯಿತು. ಮಳೆನೀರು ಹೊತ್ತು ತರುತ್ತಿದ್ದ ಪೂರ್ಣಯ್ಯ ನಾಲೆ ಬಡಾವಣೆಗಳ ನಡುವೆ ಸಿಕ್ಕಿಹಾಕಿಕೊಂಡಿತು. ಒಳ್ಳೆಯ ನೀರಿನ ದಾರಿ ಮುಚ್ಚಿತು, ಕೊಳಕು ನೀರಿನ ದಾರಿ ತೆರೆಯಿತು. ತೂಬು ಅವರು ನಿಮ್ಮೂರಿಗೆ ಹೇಳಿದ್ದೂ ಇದೇ ಕಥೆ.

ಯುವಕರ ವಿಚಾರಕ್ಕೆ ಬರುತ್ತೇನೆ. 2025ರ ಏಪ್ರಿಲ್‌ನಲ್ಲಿ ಹೈದರ್ ಅಲಿ ರಸ್ತೆಯಲ್ಲಿ ರಸ್ತೆ ಅಗಲಿಸಲು ಸುಮಾರು 40 ಮರಗಳನ್ನು ಕಡಿದರು. ಬೆಳಗಾಗಿ ನೋಡಿದರೆ ಬುಡಗಳಷ್ಟೇ. ಸುದ್ದಿ ಹರಡುತ್ತಿದ್ದಂತೆ ಕಾಲೇಜು ಹುಡುಗ ಹುಡುಗಿಯರು, ವಯಸ್ಸಾದವರು, ಅಂಗಡಿಯವರು ಸೇರಿ ನಿಂತರು. ನಾನೂ ಹೋಗಿ ಒಂದು ಬುಡದ ಮೇಲೆ ಕೈಯಿಟ್ಟು ನಿಂತಿದ್ದೆ, ಇನ್ನೂ ಹಸಿಯಾಗಿತ್ತು. ಆ ದಿನ ಪಕ್ಕದಲ್ಲಿದ್ದ ಒಬ್ಬ ಕಾನೂನು ವಿದ್ಯಾರ್ಥಿನಿ ನನಗೆ ವಿವರಿಸಿದಳು: 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು, ಮರಗಳು 50ಕ್ಕಿಂತ ಹೆಚ್ಚಾದರೆ ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು. 40 ಎಂಬ ಸಂಖ್ಯೆ ಆ ಗೆರೆಯ ಈಚೆಗಿದೆ.

ಪ್ರತಿಭಟನೆ ಸತ್ತ ಮರವನ್ನು ಬದುಕಿಸಲಿಲ್ಲ. ನನಗೆ ಇಂದಿಗೂ ಆ ದುಃಖ ಇಳಿದಿಲ್ಲ. ಆದರೆ ನನ್ನ ಪರಿಚಯದ ಕೆಲವು ಹುಡುಗರು ಅವತ್ತಿನಿಂದ ತಮ್ಮ ರಸ್ತೆಯ ಮರಗಳನ್ನು ಎಣಿಸಿ, ಜಾತಿ, ಸುತ್ತಳತೆ, ಜಾಗ, ಫೋಟೋ ಎಲ್ಲ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದಾರೆ. ಕೊಡಲಿ ಬಿದ್ದ ಮೇಲೆ ಓಡುವುದಕ್ಕಿಂತ ಮೊದಲೇ ಲೆಕ್ಕ ಕೈಯಲ್ಲಿರಲಿ ಅಂತ. ನಿಮ್ಮ ಕಟ್ಟೆಗೂ ಒಂದು ನೋಟ್ ಪುಸ್ತಕ ಇಡಿ ಮಗು. ಪ್ರತಿ ತಿಂಗಳ ಒಂದನೇ ತಾರೀಖು ಒಂದೇ ಜಾಗದಲ್ಲಿ ನಿಂತು ಒಂದು ಫೋಟೋ. ನೀರು ತೂಬಿನ ಕಲ್ಲಿನ ಎಷ್ಟನೇ ಮೆಟ್ಟಿಲಿಗಿದೆ, ಕಳೆ ಎಷ್ಟು ಭಾಗ ಮುಚ್ಚಿದೆ, ಯಾವ ಹಕ್ಕಿ ಬಂತು. ಮೊದಲನೇ ಸಲ ನಿಮ್ಮ ಹತ್ತಿರ ಇಂಥ ಪುಸ್ತಕ ಇದ್ದಿದ್ದರೆ ಶ್ರಾವಣದಲ್ಲಿ ಅಂಗೈಯಗಲ ಇದ್ದಾಗಲೇ ನಾಲ್ಕು ಜನ ಹೋಗಿ ಕಿತ್ತು ಬರುತ್ತಿದ್ದಿರಿ.

ಇಬ್ಬರು ಮಕ್ಕಳ ಅಪ್ಪ

ಶ್ರಾವಣದಲ್ಲೇ ಕಿತ್ತಿದ್ದರೆ ಅನ್ನೋ ಮಾತು ನಿಜ. ಅಷ್ಟು ಕೆಲಸಕ್ಕೆ ಒಂದು ಬೆಳಿಗ್ಗೆ ಸಾಕಿತ್ತು.

ಹುಡುಗಿಯರ ವಿಚಾರ. ಒಂಬತ್ತು ಜನ ಇಬ್ಬರಾಗಿದ್ದು ಯಾಕೆ ಅಂತ ಅಪ್ಪಂದಿರ ಕಡೆಯಿಂದ ಹೇಳ್ತೀನಿ. ಸಂಜೆವರೆಗೆ ಕೆಲಸ ಇಟ್ಟಿರಿ. ಬಟ್ಟೆ ಒದ್ದೆಯಾಗಿ ಊರ ಮುಂದೆ ನಡೆದು ಬರಬೇಕು. ಅಲ್ಲಿ ಬಟ್ಟೆ ಬದಲಾಯಿಸೋಕೆ, ಶೌಚಕ್ಕೆ ಜಾಗ ಇಲ್ಲ. ಫೋಟೋ ಯಾರ್ಯಾರದೋ ಫೋನಲ್ಲಿ ಹೋಗುತ್ತೆ. ಬೆಳಿಗ್ಗೆ ಆರಕ್ಕೆ ಶುರು ಮಾಡಿ ಹತ್ತಕ್ಕೆ ಮುಗಿಸಿ, ಹತ್ತಿರದ ಮನೆ ಒಂದನ್ನ ಹುಡುಗಿಯರಿಗೆ ಬಿಟ್ಟುಕೊಡೋಕೆ ಕೇಳಿ, ಫೋಟೋ ಹಾಕೋ ಮೊದಲು ಅವರನ್ನ ಕೇಳಿ. ಇಷ್ಟಾದರೆ ನಾನೇ ನನ್ನ ಮಗಳನ್ನ ಬೈಕಲ್ಲಿ ಬಿಟ್ಟು ಬರ್ತೀನಿ.

ಬೆಳ್ಳೂರಿನ ನೆರೆ

ಮದ್ದೂರು ತಾಲ್ಲೂಕು ಅಂದ ಮೇಲೆ ಕೊಕ್ಕರೆಬೆಳ್ಳೂರು ಯಾರೂ ನೆನಪಿಸಲಿಲ್ಲವಲ್ಲ! ನಮ್ಮೂರು ಅದರ ಪಕ್ಕದ್ದು.

ಅಲ್ಲಿ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆ ಎರಡೂ ಮನೆ ಹಿತ್ತಲ ಹುಣಸೇಮರದಲ್ಲಿ, ಅರಳಿಮರದಲ್ಲಿ ಗೂಡು ಕಟ್ಟುತ್ತವೆ. ತಲೆತಲಾಂತರದಿಂದ ಜನ ಅವುಗಳನ್ನ ಮನೆಮಗಳು ಬಾಣಂತನಕ್ಕೆ ಬಂದ ಹಾಗೆ ನೋಡಿಕೊಂಡಿದ್ದಾರೆ. ಮರದ ಕೆಳಗೆ ಬಿದ್ದ ಹಿಕ್ಕೆ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತಿತ್ತು. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಈ ಊರನ್ನು ಹೊರಗಿನವರ ಗಮನಕ್ಕೆ ತಂದರು. ಆದರೆ ನಿಮಗೆ ಬೇಕಾದ ಕಥೆ ಆಮೇಲಿನದು. ತೊಂಬತ್ತರ ದಶಕದಲ್ಲಿ ಮೈಸೂರಿನ ಹವ್ಯಾಸಿ ನಿಸರ್ಗಪ್ರಿಯರ ಒತ್ತಾಸೆಯಿಂದ ಅದೇ ಊರಿನ ಹುಡುಗರು ‘ಹೆಜ್ಜಾರ್ಲೆ ಬಳಗ’ ಕಟ್ಟಿಕೊಂಡರು. ಗೂಡಿನಿಂದ ಕೆಳಗೆ ಬಿದ್ದ ಮರಿಯನ್ನು ತಾಯಿ ಹಕ್ಕಿ ಮತ್ತೆ ಸೇರಿಸಿಕೊಳ್ಳುವುದಿಲ್ಲ. ಅಂಥ ಮರಿಗಳನ್ನು ತಂದು, ಬಲೆ ಕಟ್ಟಿದ ಆವರಣದಲ್ಲಿಟ್ಟು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಬಿಡುತ್ತಿದ್ದರು. ಒಂದೆರಡು ಸೀಸನ್ ಅಲ್ಲ, ವರ್ಷ ವರ್ಷ. 2007ರಲ್ಲಿ ಸರ್ಕಾರ ಆ ಜಾಗವನ್ನು ಸಮುದಾಯ ಮೀಸಲು ಎಂದು ಘೋಷಿಸಿತು. ಗೂಡಿರುವ ಮರವನ್ನು ಕಡಿಯದೆ ಉಳಿಸಿಕೊಂಡ ರೈತರಿಗೆ ಅರಣ್ಯ ಇಲಾಖೆ ಮರಕ್ಕಿಷ್ಟು ಅಂತ ಹಣ ಕೊಡುತ್ತದೆ.

ಅಚ್ಚುಕಟ್ಟು ಯಜಮಾನರು ‘ನೋಡೋರು ಯಾರವ್ವ’ ಅಂತ ಕೇಳಿದರಲ್ಲ, ಬೆಳ್ಳೂರಿನಲ್ಲಿ ನೋಡೋರು ಅಲ್ಲೇ ಮನೆಯಿದ್ದವರು. ಕಾಲೇಜಿಗೆ ಹೋಗುವವರು ಪುಸ್ತಕ ಬರೆಯಲಿ, ಅರ್ಜಿ ಕೊಡಲಿ. ಆದರೆ ದಿನಾ ದನ ಮೇಯಿಸಲು ಏರಿ ಮೇಲೆ ಹೋಗುವ ಒಬ್ಬರಾದರೂ ನಿಮ್ಮ ಗುಂಪಿನಲ್ಲಿ ಇರಬೇಕು.

ಆದರೂ ಊರವರ ಪ್ರೀತಿಯೊಂದೇ ಸಾಲದು ಅನ್ನೋದನ್ನೂ ಅಲ್ಲೇ ಕಂಡೆವು. 2017ರ ಕೊನೆಯಿಂದ 2018ರವರೆಗೆ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತವು. ಹೊಟ್ಟೆಯಲ್ಲಿ ಜಂತುಹುಳು, ತಿಂದ ಮೀನಿನಿಂದ ಬಂದದ್ದು. ಮೀನು ಬರುವುದು ಸುತ್ತಲಿನ ಕೆರೆಕಟ್ಟೆಗಳಿಂದ. ನಿಮ್ಮ ಕಟ್ಟೆಗೂ ಆ ಹಕ್ಕಿಗಳು ಇಳಿಯುತ್ತಿರಬಹುದು ತಂಗಿ, ಬೆಳಿಗ್ಗೆ ಹೋಗಿ ನೋಡಿ.

ಎಂಟನೇ ಕ್ಲಾಸ್ ಮೇಡಂ (ಪಾಂಡವಪುರ ಕಡೆ)

ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡ್ತೀನಿ. ನಿಮ್ಮೂರಿನ ಶಾಲೆ ಮಕ್ಕಳನ್ನು ಮರೆಯಬೇಡಿ. ನಮ್ಮ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ಆಗುತ್ತೆ. ಕೆಲವು ಕಡೆ ಭಾಷಣ, ಬಿಸ್ಕತ್ತು, ಮುಗಿಯಿತು. ಆದರೆ ಮಕ್ಕಳು ಸಿದ್ಧವಾಗಿ ಹೋದರೆ ಅದೇ ಸಭೆ ಬೇರೆ. ನಮ್ಮ ಶಾಲೆಯ ಒಬ್ಬಳು ಹುಡುಗಿ, ತರಗತಿಯಲ್ಲಿ ಬಾಯೇ ಬಿಡದವಳು, ಎದ್ದು ನಿಂತು ‘ಶಾಲೆ ದಾರಿಯಲ್ಲಿ ಚರಂಡಿಗೆ ಮುಚ್ಚಳ ಇಲ್ಲ, ಒಂದನೇ ಕ್ಲಾಸಿನ ಮಗು ಬಿದ್ದಿದೆ, ತಾರೀಖು ಇದು, ಜಾಗ ಇದು’ ಅಂದಳು. ಕೈ ನಡುಗುತ್ತಿತ್ತು, ಚೀಟಿ ಹಿಡಿದಿದ್ದಳು. ಅದು ನಡಾವಳಿ ಪುಸ್ತಕಕ್ಕೆ ಬಂತು. ಮುಚ್ಚಳ ಬರೋಕೆ ಏಳು ತಿಂಗಳಾಯ್ತು, ಆದರೆ ಬಂತು.

18 ತುಂಬಿದವರು ನೀವು ವಾರ್ಡ್ ಸಭೆಗೆ, ಗ್ರಾಮಸಭೆಗೆ ಮತದಾರರಾಗಿಯೇ ಹೋಗಬಹುದು. ವಾರ್ಡ್ ಸಭೆಯಲ್ಲಿ ಮೊದಲು ಹೇಳಿ, ಅಲ್ಲಿಂದ ಬಂದದ್ದೇ ಗ್ರಾಮಸಭೆಯ ಪಟ್ಟಿಗೆ ಹೋಗೋದು. ಬಾಯಲ್ಲಿ ಹೇಳಿ ಕೂತರೆ ಗಾಳಿಗೆ ಹೋಗುತ್ತೆ. ಬರೆದು ಎರಡು ಪ್ರತಿ ಮಾಡಿ, ಒಂದಕ್ಕೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ‘ಕಟ್ಟೆ ಸ್ವಚ್ಛ ಮಾಡಿಸಿ’ ಅಂತ ಬರೆಯಬೇಡಿ. ‘ಇಷ್ಟು ಮನೆಗಳ ಬಚ್ಚಲ ನೀರು ಇಲ್ಲಿ ಸೇರುತ್ತೆ, ಈ ಮನೆಗಳಿಗೆ ಬಚ್ಚಲು ಗುಂಡಿ (ನೀರು ನೆಲಕ್ಕೆ ಇಂಗೋ ಗುಂಡಿ) ಬೇಕು’ ಅಂತ ಬರೆಯಿರಿ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರ ಕೈಯಲ್ಲಿ ಆಗೋ ಕೆಲಸ ಅದು.

ತೂಬು ಮತ್ತು ಕೋಡಿ

ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಉತ್ತರ ಬರದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಸಿಟ್ಟನ್ನೆಲ್ಲ ಅದರಲ್ಲಿ ಸುರಿಯಬೇಡಿ. ‘ಸರ್ವೆ ನಂಬರ್ ಇಂಥದ್ದರ ಕಟ್ಟೆಗೆ ಹಿಂದಿನ ಐದು ವರ್ಷದಲ್ಲಿ ಮಂಜೂರಾದ ಕಾಮಗಾರಿ, ಖರ್ಚಾದ ಹಣ’ ಅಂತ ಎರಡು ಸಾಲು ಕೇಳಿ.

ಹುಣಸೇಮರ

(ಏಳು ವಾರ ಆದ ಮೇಲೆ ಬರೆಯುತ್ತಿದ್ದೀನಿ.)

ಕಾಲೋನಿಗೆ ಹೋಗಿದ್ದೆ. ಮೊದಲ ಸಲ ಬಾಗಿಲಲ್ಲೇ ಮಾತಾಡಿ ಕಳಿಸಿದರು. ಎರಡನೇ ಸಲ ಕೂರಿಸಿದರು. ನಮ್ಮಲ್ಲೂ ಅದೇ ಆಗಿತ್ತು, ಊರಾಚೆ ಅಣ್ಣ ಹೇಳಿದ ಹಾಗೇ. ಹಗ್ಗ ಹಿಡಿದು ದಡದಲ್ಲಿ ನಿಂತವರು ಯಾರು, ಕೆಸರಿಗೆ ಇಳಿದವರು ಯಾರು ಅಂತ ಏಪ್ರಿಲ್‌ನ ಫೋಟೋಗಳನ್ನ ಮತ್ತೆ ತೆಗೆದು ನೋಡಿದೆ. ಅದರಲ್ಲೇ ಕಾಣುತ್ತೆ. ನನ್ನ ಕೈಯಲ್ಲೂ ಹಗ್ಗವೇ ಇದೆ. ಕ್ಷಮೆ ಕೇಳಿದೆ. ಏಳರಲ್ಲಿ ಮೂವರು ಬಂದಿದ್ದಾರೆ. ಈಗ ಕೆಲಸದ ಸರದಿ ಚೀಟಿ ಎತ್ತಿ ಹಾಕ್ತೀವಿ, ಹೋದ ಭಾನುವಾರ ಚರಂಡಿ ಬಾಯಿ ನನಗೆ ಬಿದ್ದಿತ್ತು. ಊಟ ಎಲ್ಲರೂ ಒಂದೇ ಸಾಲಲ್ಲಿ ಕೂತು ಮಾಡಿದೆವು. ಅದಕ್ಕೆ ಒಬ್ಬರ ಮನೆಯಲ್ಲಿ ಬೈದರು, ಅವನು ಆದರೂ ಬಂದ.

ಚರಂಡಿಯನ್ನ ಮೇಲಿನಿಂದ ಕೆಳಗಿನವರೆಗೆ ನಡೆದು ನೋಡಿದೆವು. 31 ಮನೆಗಳ ನೀರು ಕಟ್ಟೆಗೆ ಬೀಳುತ್ತೆ. ಅದರಲ್ಲಿ ನಮ್ಮ ಮನೆಯೂ ಒಂದು! ಹೋದ ವರ್ಷ ಕಟ್ಟೆಯ ಕಳೆ ಎಳೆದು, ಮನೆಗೆ ಬಂದು ಸ್ನಾನ ಮಾಡಿ, ಆ ಸೋಪಿನ ನೀರನ್ನ ಅದೇ ಕಟ್ಟೆಗೆ ಬಿಟ್ಟಿದ್ದೆ. ಮೊದಲ ಬಚ್ಚಲು ಗುಂಡಿ ನಮ್ಮ ಹಿತ್ತಲಲ್ಲೇ ಆಯ್ತು, ಅಪ್ಪ ಮತ್ತು ನಾನು ಎರಡು ದಿನ ತೋಡಿದೆವು, ಅಜ್ಜಿ ಜಲ್ಲಿಕಲ್ಲು ಆರಿಸಿ ಕೊಟ್ಟರು. ಈಗ ನಾಲ್ಕು ಮನೆ ಆಗಿದೆ. ಉಳಿದ 27 ಮನೆಯ ಪಟ್ಟಿ ವಾರ್ಡ್ ಸಭೆಯಲ್ಲಿ ಕೊಟ್ಟೆವು, ನಡಾವಳಿಯಲ್ಲಿ ಬರೆದಿದ್ದನ್ನ ಓದಿ ಹೇಳಿಸಿಕೊಂಡೆವು. ಸೀಲು ಹಾಕಿದ ಪ್ರತಿ ನನ್ನ ಹತ್ತಿರ ಇದೆ. ಕೆಲಸ ಇನ್ನೂ ಶುರುವಾಗಿಲ್ಲ. ಕೇಳ್ತಾ ಇರ್ತೀವಿ.

ನೋಟ್ ಪುಸ್ತಕ ಶುರುವಾಗಿದೆ. ಅದನ್ನ ಇಟ್ಟುಕೊಂಡಿರೋದು ನಾನಲ್ಲ, ಕುರಿ ಮೇಯಿಸೋ ಒಬ್ಬ ತಾತನ ಮೊಮ್ಮಗಳು, ಒಂಬತ್ತನೇ ಕ್ಲಾಸು. ಶಾಲೆ ಮುಂಚೆ ತಾತನ ಜೊತೆ ಏರಿ ಮೇಲೆ ಹೋಗ್ತಾಳೆ. ಮೊದಲನೇ ಪುಟದಲ್ಲಿ ‘ಹೆಜ್ಜಾರ್ಲೆ 2, ನೀರು ಕಾಣೋ ಜಾಗದಲ್ಲಿ ಮಾತ್ರ ಕೂತಿದ್ದವು’ ಅಂತ ಬರೆದಿದ್ದಾಳೆ.

ಆರರಿಂದ ಹತ್ತರವರೆಗೆ ಮಾತ್ರ ಕೆಲಸ. ಹುಡುಗಿಯರು ಐದು ಜನ ಆಗಿದ್ದೀವಿ. ಕಳೆಯನ್ನ ಏರಿಯಿಂದ ಆಚೆ ಹಾಕ್ತಿದ್ದೀವಿ, ಸಗಣಿ ಜೊತೆ ಪದರ ಪದರವಾಗಿ. ಬದಿಯಿಂದ ಮೂರರಲ್ಲಿ ಒಂದು ಪಾಲು ಬಿಡಿಸಿದ್ದೀವಿ, ಮತ್ತೆ ತೇಲಿ ಬರದ ಹಾಗೆ ಬಿದಿರಿನ ಗಳ ಹಗ್ಗಕ್ಕೆ ಕಟ್ಟಿ ಅಡ್ಡ ಹಾಕಿದ್ದೀವಿ. ಈಗ ಉಳಿದಿರೋದು ನಡುಭಾಗ, ಅಲ್ಲಿ ಆಳ. ನೈಟ್ ಡ್ಯೂಟಿ ಅಕ್ಕ ಹೇಳಿದ್ದು ನೆನಪಿದೆ, ಯಾರೂ ಇಳಿದಿಲ್ಲ. ಒಂದು ತೆಪ್ಪ ಸಿಕ್ಕರೆ ಮೇಲಿನಿಂದಲೇ ಎಳೆಯಬಹುದು. ಬಾಡಿಗೆಗೆ ಯಾರಾದರೂ ಕೊಡ್ತಾರಾ?

ನೈಟ್ ಡ್ಯೂಟಿ

ತೆಪ್ಪದಲ್ಲಿ ಹೋಗೋರಿಗೆ ಲೈಫ್ ಜಾಕೆಟ್ ಬೇಕೇ ಬೇಕು. ದಡದಲ್ಲಿ ಈಜು ಬರೋರು ಇಬ್ಬರು ಹಗ್ಗ ಹಿಡಿದು ನಿಂತಿರಬೇಕು.

ಇಬ್ಬರು ಮಕ್ಕಳ ಅಪ್ಪ

ಜಾಕೆಟ್ ಎರಡು ನಾನು ಕೊಡಿಸ್ತೀನಿ. ಟ್ರ್ಯಾಕ್ಟರ್ ಟ್ಯೂಬ್ ಒಂದು ಗಾಳಿ ತುಂಬಿಸಿ ಇಟ್ಕೊಳಿ, ಅದೂ ನನ್ನ ಹತ್ತಿರ ಇದೆ.

ಅಚ್ಚುಕಟ್ಟು

ನಮ್ಮೂರಲ್ಲಿ ಮೀನು ಹಿಡಿಯೋನ ತಾವ ತೆಪ್ಪ ಅದೆ. ಮಾತಾಡಿವ್ನಿ, ಬಾಡಿಗೆ ಬ್ಯಾಡ ಅಂದ. ಶನಿವಾರ ಸಂಜೆ ನನ್ ಮಗ ಗೂಡ್ಸ್ ಆಟೋಲಿ ತಂದು ಇಳಿಸ್ತಾನೆ. ನಾನೂ ಬತ್ತೀನಿ, ಆಳದ ನೀರಲ್ಲಿ ತೆಪ್ಪ ತಿರುಗ್ಸೋದು ಹುಡುಗ್ರಿಗೆ ಬರಾಕಿಲ್ಲ. ಹುಟ್ಟು ಒಂದೇ ಅದೆ, ಇನ್ನೊಂದ್ನ ಅಲ್ಲೇ ಬಡಗಿ ತಾವ ಮಾಡಿಸಿಡವ್ವ.